ಒಂದು ಟ್ಯಾಕ್‌ನಲ್ಲಿ ಮಾತ್ರ ಹಿಂದೆ ಬೀಳುವ ಕ್ಯಾಟಮರಾನ್: ಹೊರದೇಶದ ರೇಸ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಹೊರದೇಶದ ರೆಗಾಟಾಗೆ, ಅಂದರೆ ಹಾಯಿದೋಣಿಗಳ ರೇಸ್ ಕೂಟಕ್ಕೆ, ಹೋಗುವಾಗ ಸ್ವಂತ ದೋಣಿ ಕೊಂಡೊಯ್ಯುವವರು ಕಡಿಮೆ. ಲೈಫ್ ಜಾಕೆಟ್, ದೋಣಿಯ ಹೊರಗೆ ತಂತಿಗೆ ನೇತಾಡಲು ಮೈಗೆ ಕಟ್ಟುವ ಟ್ರಪೀಜ್ ಹಾರ್ನೆಸ್, ಗ್ಲೌಸ್, ಒಂದಿಷ್ಟು ತೆಳು ಹಗ್ಗ. ಇಷ್ಟನ್ನು ಬ್ಯಾಗಿಗೆ ತುಂಬಿಕೊಂಡು ವಿಮಾನ ಹತ್ತುತ್ತೇವೆ. ದೋಣಿ ಅಲ್ಲಿ ಬಾಡಿಗೆಗೆ ಸಿಗುತ್ತದೆ, ಇಲ್ಲವೇ ರೇಸ್ ನಡೆಸುವವರೇ ಕೊಡುತ್ತಾರೆ. ಹಾಬಿ 16 ಅನ್ನುವುದು ಇಬ್ಬರು ನಡೆಸುವ ಸಣ್ಣ ಕ್ಯಾಟಮರಾನ್. ಅದರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲರಿಗೂ ಒಂದೇ ಥರದ ದೋಣಿ ಕೊಟ್ಟು, ರೇಸಿನಿಂದ ರೇಸಿಗೆ ಅದಲುಬದಲು ಮಾಡಿಸುತ್ತಾರೆ. ಅಲ್ಲಿ ಕೆಟ್ಟ ದೋಣಿ ಸಿಕ್ಕರೂ ನಿಮ್ಮ ಪಾಲಿಗೆ ಅದು ಸ್ವಲ್ಪ ಹೊತ್ತಿನದು. ಬಾಡಿಗೆ ದೋಣಿ ಹಾಗಲ್ಲ. ಅದು ಇಡೀ ರೆಗಾಟಾಗೆ ನಿಮ್ಮದೇ.

ಗುರುತಿಲ್ಲದ ದೋಣಿ ನಿಧಾನವಾದಾಗ ದೊಡ್ಡ ತೊಂದರೆ ಒಂದೇ. ತಪ್ಪು ದೋಣಿಯದೋ ನಮ್ಮದೋ ಗೊತ್ತಾಗುವುದಿಲ್ಲ. ಸ್ವಂತ ದೋಣಿಯಾದರೆ ಸಣ್ಣ ಸದ್ದು ಬದಲಾದರೂ ಕಿವಿಗೆ ಬೀಳುತ್ತದೆ. ಬಾಡಿಗೆ ದೋಣಿಯ ಸರಿಯಾದ ಸದ್ದು ಯಾವುದು ಅಂತಲೇ ನಮಗೆ ತಿಳಿದಿರುವುದಿಲ್ಲ.

ಆದರೆ ಕ್ಯಾಟಮರಾನ್‌ಗೆ ಬೇರೆ ಹಾಯಿದೋಣಿಗಳಿಗಿಲ್ಲದ ಒಂದು ಅನುಕೂಲ ಇದೆ. ಈ ಹೆಸರು ಹುಟ್ಟಿದ್ದು ತಮಿಳಿನ ಕಟ್ಟುಮರಂ ಎಂಬ ಮಾತಿನಿಂದ. ಕಟ್ಟಿದ ಮರ ಅಂತ ಅರ್ಥ. ಇವತ್ತಿನ ರೇಸಿಂಗ್ ಕ್ಯಾಟಮರಾನ್ ಅಂದರೆ ಎರಡು ಹಲ್‌ಗಳನ್ನು, ಅಂದರೆ ನೀರಿಗೆ ಕೂರುವ ಎರಡು ಒಡಲುಗಳನ್ನು, ಅಡ್ಡಪಟ್ಟಿಗಳಿಂದ ಸೇರಿಸಿದ ದೋಣಿ. ಹಲ್ ಎರಡು, ಚುಕ್ಕಾಣಿ ಎರಡು, ಹಾಯಿ ಕಟ್ಟುವ ಕಂಬವಾದ ಮಾಸ್ಟ್ ಅನ್ನು ಹಿಡಿದಿಡುವ ಶ್ರೌಡ್ ತಂತಿ ಎರಡು. ಹಾಗಾಗಿ ಒಂದು ಬದಿಯನ್ನು ಅಳೆಯಲು ಇನ್ನೊಂದು ಬದಿಯೇ ಅಳತೆಕೋಲು. ಎರಡೂ ಬದಿ ಒಂದೇ ದಿನ, ಒಂದೇ ಥರ ಕೆಡುವುದು ತೀರಾ ಅಪರೂಪ. ಈ ಕೈಪಿಡಿ ನಿಂತಿರುವುದು ಇದರ ಮೇಲೆಯೇ.

ನಮಗೆ ಆದದ್ದು

ಒಂದು ರೆಗಾಟಾದಲ್ಲಿ ನಾವಿಬ್ಬರು ಬಾಡಿಗೆ ಹಾಬಿ 16 ತೆಗೆದುಕೊಂಡಿದ್ದೆವು. ಮೊದಲ ದಿನ ಗಾಳಿ 15 ನಾಟ್ ಆಸುಪಾಸು, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಪೋರ್ಟ್ ಟ್ಯಾಕ್‌ನಲ್ಲಿ ಮುಂದಿನ ಗುಂಪಿನ ಜೊತೆಗೇ ಹೋಗುತ್ತಿದ್ದೆವು. ಸ್ಟಾರ್‌ಬೋರ್ಡ್ ಟ್ಯಾಕ್‌ಗೆ ತಿರುಗಿದ ಕೂಡಲೇ ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು, ಭಾರವಾಗುತ್ತಿತ್ತು. ದೋಣಿ ಗಾಳಿಯ ಕಡೆಗೇ ಮೂಗು ತಿರುಗಿಸಲು ಎಳೆಯುತ್ತಿತ್ತು. ಪಕ್ಕದ ದೋಣಿಗಳು ಒಂದೊಂದಾಗಿ ಮುಂದೆ ಹೋದವು.

ಓದುವವರಿಗೆ ಹೊಸದಾಗಿದ್ದರೆ ಒಂದು ಮಾತು: ಗಾಳಿ ದೋಣಿಯ ಬಲಗಡೆಯಿಂದ ಬೀಸುತ್ತಿದ್ದರೆ ಅದು ಸ್ಟಾರ್‌ಬೋರ್ಡ್ ಟ್ಯಾಕ್, ಎಡಗಡೆಯಿಂದಾದರೆ ಪೋರ್ಟ್ ಟ್ಯಾಕ್. ಎಡ ಬಲ ಅಂದಾಗಲೆಲ್ಲ ದೋಣಿಯ ಮೂಗಿನ ಕಡೆ ಮುಖ ಮಾಡಿ ಕೂತವರ ಎಡ ಬಲ.

ಸಂಜೆ ದಡಕ್ಕೆ ಬಂದು ನಾವು ಮಾಡಿದ ಕೆಲಸ ಪೂರ್ತಿ ತಪ್ಪು. ಗಾಳಿ ಬಲಗಡೆಯಿಂದ ಬರುವಾಗ ತೊಂದರೆ ಅಲ್ವಾ, ಹಾಗಾದರೆ ಬಲಗಡೆಯೇ ಏನೋ ಆಗಿದೆ ಅಂದುಕೊಂಡು ಬಲ ಶ್ರೌಡ್‌ನ ಕೆಳತುದಿಯ ಪಿನ್ ಅನ್ನು ಒಂದು ತೂತು ಸರಿಸಿ ತಂತಿ ಬಿಗಿ ಮಾಡಿದೆವು. ಅದರ ಜೊತೆಗೆ ಮಾಸ್ಟ್ ಅನ್ನು ಸ್ವಲ್ಪ ಮುಂದಕ್ಕೂ ತಂದೆವು. ಮಾರನೇ ಬೆಳಿಗ್ಗೆ ಚೆನ್ನಾಗಿದ್ದ ಪೋರ್ಟ್ ಟ್ಯಾಕ್ ಕೂಡ ಕೆಟ್ಟಿತು. ಎರಡು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಕೆಡಿಸಿದ್ದು ಯಾವುದು ಅಂತಲೂ ತಿಳಿಯಲಿಲ್ಲ.

ದೋಣಿ ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ನಮ್ಮ ಮಾತು ಪೂರ್ತಿ ಕೇಳಿಸಿಕೊಂಡರು. ಕೈಗೆ ಯಾವ ಉಪಕರಣವನ್ನೂ ತೆಗೆದುಕೊಳ್ಳದೆ ಮೂರು ಪ್ರಶ್ನೆ ಕೇಳಿದರು. ಯಾವ ಟ್ಯಾಕ್‌ನಲ್ಲಿ? ಮೊದಲ ನಿಮಿಷದಿಂದಲೇ ಹಾಗಿತ್ತಾ, ಬರಬರುತ್ತಾ ಆಯಿತಾ? ಗಾಳಿ ಕಡಿಮೆ ಇದ್ದಾಗಲೂ ಹಾಗೇ ಇತ್ತಾ?

ನಾವು ಉತ್ತರ ಹೇಳಿ ಮುಗಿಸಿದಾಗ ಅವರು ನೇರವಾಗಿ ಎಡ ಚುಕ್ಕಾಣಿಯ ಹತ್ತಿರ ಹೋಗಿ ಕೂತರು. ದೋಷ ಅಲ್ಲೇ ಇತ್ತು.

ಮೊದಲ ಪ್ರಶ್ನೆ: ಯಾವ ಟ್ಯಾಕ್?

ಗಾಳಿಗೆ ಎದುರಾಗಿ ಹೋಗುವಾಗ ದೋಣಿಯ ಎರಡು ಬದಿಗಳು ಬೇರೆ ಬೇರೆ ಕೆಲಸ ಮಾಡುತ್ತವೆ. ಗಾಳಿ ಬರುವ ಕಡೆಯ ಶ್ರೌಡ್ ಮಾಸ್ಟಿನ ಭಾರ ಹೊರುತ್ತದೆ. ಆ ಕಡೆಯ ಟ್ರಪೀಜ್ ತಂತಿಗೆ ಜೊತೆಗಾರರು ನೇತಾಡುತ್ತಾರೆ. ಆದರೆ ಆ ಕಡೆಯ ಹಲ್ ಗಾಳಿ ಜೋರಾದಂತೆ ನೀರಿನಿಂದ ಮೇಲೇಳುತ್ತದೆ. ನೀರಿನಲ್ಲಿ ಉಳಿಯುವುದು ಎದುರು ಬದಿಯ ಹಲ್. ದೋಣಿಯ ತೂಕ ಅದರ ಮೇಲೆ, ದಿಕ್ಕು ಹಿಡಿಯುವ ಕೆಲಸ ಆ ಬದಿಯ ಚುಕ್ಕಾಣಿಯ ಮೇಲೆ. ಡ್ಯಾಗರ್‌ಬೋರ್ಡ್, ಅಂದರೆ ಹಲ್‌ನಿಂದ ಕೆಳಗೆ ನೀರಿಗೆ ಇಳಿಸುವ ಹಲಗೆ, ಇರುವ ದೋಣಿಯಾದರೆ ಪಕ್ಕಕ್ಕೆ ಜಾರದಂತೆ ಹಿಡಿಯುವುದೂ ಬಹುಪಾಲು ಆ ಬದಿಯದೇ.

ಅಂದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ತೊಂದರೆ ಇದ್ದರೆ ತಂತಿ, ಹಗ್ಗಗಳ ದೋಷವನ್ನು ಬಲಗಡೆ ಹುಡುಕಬೇಕು. ನೀರಿನಲ್ಲಿ ಮುಳುಗುವ ಭಾಗಗಳ ದೋಷವನ್ನು ಎಡಗಡೆ ಹುಡುಕಬೇಕು. ಪೋರ್ಟ್ ಟ್ಯಾಕ್‌ಗೆ ಇದರ ತಿರುವುಮುರುವು. ನಮಗೆ ಇದು ಮೊದಲೇ ಗೊತ್ತಿದ್ದರೆ ಒಂದು ಇಡೀ ದಿನದ ರೇಸ್ ಉಳಿಯುತ್ತಿತ್ತು.

ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಒಂದು ಎಚ್ಚರ ಬೇಕು. ಒಂದು ಟ್ಯಾಕ್ ನಿಧಾನ ಅನ್ನಿಸಲು ದೋಣಿಯೇ ಕಾರಣ ಆಗಬೇಕಿಲ್ಲ. ಅಲೆಗಳು ಗಾಳಿಯ ದಿಕ್ಕಿನಲ್ಲೇ ಬರುತ್ತವೆ ಅಂತ ಇಲ್ಲ. ಒಂದು ಟ್ಯಾಕ್‌ನಲ್ಲಿ ಅಲೆ ನೇರ ಮೂಗಿಗೆ ಬಡಿಯುತ್ತದೆ, ಇನ್ನೊಂದರಲ್ಲಿ ಪಕ್ಕಕ್ಕೆ ಬಂದು ಜಾರಿ ಹೋಗುತ್ತದೆ. ಮೊದಲನೆಯದರಲ್ಲಿ ಎಲ್ಲರೂ ನಿಧಾನ. ಜಿಪಿಎಸ್ ನಂಬಿದರೂ ಮೋಸ ಹೋಗಬಹುದು. ಅದು ತೋರಿಸುವುದು ನೆಲದ ಲೆಕ್ಕದ ವೇಗ. ಭರತ ಇಳಿತ ಜೋರಾಗಿರುವ ಜಾಗದಲ್ಲಿ, ನೆದರ್‌ಲೆಂಡ್ಸ್‌ನ ಟೆಕ್ಸೆಲ್ ದ್ವೀಪವನ್ನು ಸುತ್ತುವ ರೇಸ್ ಅಂಥದ್ದು, ನೀರಿನ ಹರಿವು ಒಂದು ಟ್ಯಾಕ್‌ಗೆ ವೇಗ ಕೂಡಿಸಿ ಇನ್ನೊಂದಕ್ಕೆ ಕಳೆಯುತ್ತದೆ. ಜಿಪಿಎಸ್‌ನಲ್ಲಿ ಒಂದು ನಾಟ್ ವ್ಯತ್ಯಾಸ ಕಂಡರೂ ದೋಣಿ ಪೂರ್ತಿ ಸರಿಯಾಗೇ ಇರಬಹುದು.

ಹಾಗಾಗಿ ಒಂದೇ ಸರಿಯಾದ ಪರೀಕ್ಷೆ, ಇನ್ನೊಂದು ದೋಣಿಯ ಪಕ್ಕದಲ್ಲಿ ಓಡುವುದು. ರೇಸ್ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಇಳಿದು, ಅದೇ ಕ್ಲಾಸಿನ ದೋಣಿಯವರನ್ನು ಕೇಳಿಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ, ಅವರಿಗೂ ಅದೇ ಬೇಕಿರುತ್ತದೆ. ನಾಲ್ಕೈದು ದೋಣಿಯಷ್ಟು ಅಂತರ ಇಟ್ಟುಕೊಂಡು ಮೂರು ನಿಮಿಷ ಒಂದು ಟ್ಯಾಕ್, ಮೂರು ನಿಮಿಷ ಇನ್ನೊಂದು ಟ್ಯಾಕ್. ಆಮೇಲೆ ಜಾಗ ಬದಲಾಯಿಸಿ ಮತ್ತೊಮ್ಮೆ. ಎರಡೂ ಸಲ ಒಂದೇ ಟ್ಯಾಕ್‌ನಲ್ಲಿ ನೀವು ಹಿಂದೆ ಬಿದ್ದರೆ ಆಗ ದೋಷ ದೋಣಿಯಲ್ಲಿದೆ, ಇಲ್ಲವೇ ನಿಮ್ಮಲ್ಲಿ. ಜೊತೆಗಾರರೂ ನೀವೂ ಕೆಲಸ ಬದಲಾಯಿಸಿಕೊಂಡು ಒಮ್ಮೆ ನೋಡಿ. ಬಲಗೈ ಬಳಕೆಯವರು ಒಂದು ಕಡೆ ಕೂತಾಗ ಚೆನ್ನಾಗಿ ನಡೆಸಿ, ಇನ್ನೊಂದು ಕಡೆ ತಡವರಿಸುವುದು ಸಾಮಾನ್ಯ.

ಎರಡನೆಯದು, ಮೂರನೆಯದು: ಯಾವಾಗಿನಿಂದ, ಎಷ್ಟು ಗಾಳಿಯಲ್ಲಿ?

ಒಂದೇ ಬದಿಯ ದೋಷಗಳಲ್ಲಿ ನಾನು ಮತ್ತೆ ಮತ್ತೆ ಕಂಡವು ನಾಲ್ಕು. ನಾಲ್ಕರ ನಡತೆಯೂ ಬೇರೆ. ಹಲ್‌ಗೆ ನೀರು ನುಗ್ಗುತ್ತಿದ್ದರೆ ಬೆಳಿಗ್ಗೆ ಸರಿಯಿರುವ ದೋಣಿ ಮಧ್ಯಾಹ್ನಕ್ಕೆ ಮಂದವಾಗುತ್ತದೆ, ಹೊತ್ತು ಕಳೆದಂತೆ ಜಾಸ್ತಿಯಾಗುತ್ತದೆ. ಚುಕ್ಕಾಣಿ ಸರಿಯಾಗಿ ಲಾಕ್ ಆಗದಿದ್ದರೆ ತೊಂದರೆ ವೇಗದ ಜೊತೆ ಹುಟ್ಟುತ್ತದೆ, ಗಾಳಿ ಇಳಿದರೆ ಮಾಯವಾಗುತ್ತದೆ. ಶ್ರೌಡ್ ಉದ್ದ ಹೆಚ್ಚುಕಡಿಮೆ ಇದ್ದರೆ ಮೊದಲ ನಿಮಿಷದಿಂದ ಕೊನೆಯವರೆಗೆ ಒಂದೇ ಥರ ಇರುತ್ತದೆ. ಹಾಯಿಯೊಳಗಿನ ಬ್ಯಾಟನ್ ಪಟ್ಟಿ ಅತಿ ಬಿಗಿಯಾಗಿದ್ದರೆ ಅಥವಾ ಮಾಸ್ಟ್ ಒಂದು ಕಡೆಗೆ ಸರಾಗವಾಗಿ ತಿರುಗದಿದ್ದರೆ, ಅದು ಕಾಣುವುದು ಮೆಲುಗಾಳಿಯಲ್ಲಿ ಮಾತ್ರ. ಜೋರು ಗಾಳಿ ತಾನೇ ಅದನ್ನು ದೂಡಿ ತಿರುಗಿಸಿಬಿಡುತ್ತದೆ.

ನಮ್ಮ ಉತ್ತರ ಹೀಗಿತ್ತು: ಸ್ಟಾರ್‌ಬೋರ್ಡ್ ಟ್ಯಾಕ್, ಮೊದಲಿನಿಂದಲೂ, ಗಾಳಿ ಇಳಿದಾಗ ಪರವಾಗಿಲ್ಲ. ವೇಗದ ಜೊತೆ ಬರುವ ದೋಷ, ಎಡಗಡೆ ನೀರಿನಲ್ಲಿ. ಮೆಕ್ಯಾನಿಕ್ ಎಡ ಚುಕ್ಕಾಣಿಗೆ ನೇರವಾಗಿ ಹೋದದ್ದು ಇದಕ್ಕೇ.

ಚುಕ್ಕಾಣಿ

ದಡಕ್ಕೆ ಹತ್ತುವ ಕ್ಯಾಟಮರಾನ್‌ಗಳ ಚುಕ್ಕಾಣಿ ನೆಲಕ್ಕೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಾಬಿ 16ರಲ್ಲಿ ಅದನ್ನು ಕೆಳಗೆ ಹಿಡಿದಿಡುವುದು ಒಂದು ಕ್ಯಾಮ್, ಅದನ್ನು ಒತ್ತುವ ಪ್ಲಂಜರ್, ಒಂದು ಸ್ಪ್ರಿಂಗ್. ವರ್ಷಗಟ್ಟಲೆ ಉಪ್ಪುನೀರು, ಮರಳು ತಿಂದ ಸ್ಪ್ರಿಂಗ್ ಸಡಿಲವಾಗುತ್ತದೆ. ನಿಂತ ನೀರಿನಲ್ಲಿ ಚುಕ್ಕಾಣಿ ಟಕ್ ಅಂತ ಲಾಕ್ ಆಗುತ್ತದೆ. ದೋಣಿ ಓಡುವಾಗ ನೀರಿನ ಒತ್ತಡಕ್ಕೆ ಅಲಗಿನ ತುದಿ ಸ್ವಲ್ಪ ಹಿಂದೆ ಸರಿಯುತ್ತದೆ. ಸರಿದದ್ದು ಎರಡು ಮೂರು ಸೆಂಟಿಮೀಟರ್ ಇದ್ದರೂ ಸಾಕು. ನೀರಿನ ಒತ್ತಡ ಚುಕ್ಕಾಣಿ ತಿರುಗುವ ಕೀಲಿನಿಂದ ದೂರ ಹೋಗುತ್ತದೆ, ಟಿಲ್ಲರ್ ಕೈಗೆ ಭಾರವಾಗುತ್ತದೆ. ನಾವು ಅದನ್ನು ಬಲವಂತವಾಗಿ ಹಿಡಿದಷ್ಟೂ ಚುಕ್ಕಾಣಿ ನೀರಿಗೆ ಓರೆಯಾಗಿ ನಿಂತು ಬ್ರೇಕ್ ಹಾಕುತ್ತದೆ.

ಪರೀಕ್ಷೆ ಸುಲಭ. ವೇಗದಲ್ಲಿ ಹೋಗುವಾಗ ಜೊತೆಗಾರರು ಹಿಂದಿನ ಅಡ್ಡಪಟ್ಟಿಯ ಹತ್ತಿರ ಬಗ್ಗಿ ಚುಕ್ಕಾಣಿ ನೋಡಲಿ. ದಡದಲ್ಲೇ ಅಲಗು ಮತ್ತು ಅದನ್ನು ಹಿಡಿದ ಲೋಹದ ಭಾಗ ಕೂಡುವಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಇನ್ನೂ ಒಳ್ಳೆಯದು. ಓಡುವಾಗ ಗೆರೆ ಮುರಿದು ಕಂಡರೆ ಮುಗಿಯಿತು, ದೋಷ ಸಿಕ್ಕಿತು. ಎರಡೂ ಚುಕ್ಕಾಣಿಗೆ ಗೆರೆ ಎಳೆಯಿರಿ. ಒಳ್ಳೆಯದು ಹೇಗಿರುತ್ತದೆ ಅಂತ ಇನ್ನೊಂದು ತೋರಿಸುತ್ತದೆ.

ದಡದಲ್ಲಿ ಇನ್ನೊಂದು ಪರೀಕ್ಷೆ. ದೋಣಿಯ ಹಿಂಭಾಗ ಎತ್ತಿ ಇಟ್ಟು, ಚುಕ್ಕಾಣಿ ಕೆಳಗೆ ಲಾಕ್ ಮಾಡಿ, ಅಲಗಿನ ತುದಿ ಹಿಡಿದು ಹಿಂದಕ್ಕೆ ಎಳೆಯಿರಿ. ಎರಡನ್ನೂ ಎಳೆದು ನೋಡಿದರೆ ಯಾವುದು ಬೇಗ ಬಿಡುತ್ತದೆ ಅಂತ ಕೈಗೇ ತಿಳಿಯುತ್ತದೆ. ಪ್ಲಂಜರ್ ಬಿಗಿ ಮಾಡುವ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಎರಡೂ ಒಂದೇ ಬಲಕ್ಕೆ ಬಿಡುವ ಹಾಗೆ ಮಾಡಿ. ತೀರಾ ಬಿಗಿ ಮಾಡಬೇಡಿ. ನೆಲಕ್ಕೆ ತಾಗಿದಾಗ ಮಡಚಿಕೊಳ್ಳದ ಚುಕ್ಕಾಣಿ ಹಲ್‌ನ ಹಿಂಬದಿಯನ್ನೇ ಒಡೆಯಬಹುದು. ನಮ್ಮ ದೋಣಿಯಲ್ಲಿ ಸ್ಪ್ರಿಂಗ್ ಸತ್ತೇ ಹೋಗಿತ್ತು, ಬದಲಾಯಿಸಬೇಕಾಯಿತು. ಹತ್ತು ನಿಮಿಷದ ಕೆಲಸ. ಆ ಮಧ್ಯಾಹ್ನ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಎರಡು ಬೆರಳಿನಲ್ಲಿ ಟಿಲ್ಲರ್ ಹಿಡಿದು ಹೋದ ಖುಷಿ ನನಗೆ ಇವತ್ತಿಗೂ ನೆನಪಿದೆ.

ಕೀಲಿನ ಪಿನ್ ಅಲ್ಲಾಡುತ್ತಿದೆಯೇ, ತೂತು ಸವೆದು ಅಗಲವಾಗಿದೆಯೇ ಅಂತಲೂ ನೋಡಿ. ಅಲಗಿಗೆ ಪಾಚಿ, ಹುಲ್ಲು ಸುತ್ತಿಕೊಂಡಿರುವುದೂ ಉಂಟು. ಹಠಾತ್ತನೆ ಶುರುವಾದ ತೊಂದರೆಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ರೇಸಿನ ಮಧ್ಯೆಯೇ ಒಂದು ಸಲ ಚುಕ್ಕಾಣಿ ಎತ್ತಿ ಇಳಿಸಿದರೆ ಬಿಟ್ಟು ಹೋಗುತ್ತದೆ.

ಎರಡೂ ಟ್ಯಾಕ್‌ನಲ್ಲಿ ಟಿಲ್ಲರ್ ನಡುಗುತ್ತಿದ್ದರೆ, ಗುಂಯ್ ಅಂತ ಸದ್ದು ಬರುತ್ತಿದ್ದರೆ, ಎರಡು ಚುಕ್ಕಾಣಿಗಳು ಒಂದಕ್ಕೊಂದು ನೇರವಾಗಿಲ್ಲದಿರಬಹುದು. ಎರಡನ್ನೂ ಕೆಳಗಿಳಿಸಿ, ಟಿಲ್ಲರ್ ನಡುವಿಗೆ ತಂದು, ಅಲಗುಗಳ ಮುಂದಿನ ಅಂಚುಗಳ ನಡುವಿನ ದೂರ ಮತ್ತು ಹಿಂದಿನ ಅಂಚುಗಳ ನಡುವಿನ ದೂರ ಟೇಪಿನಲ್ಲಿ ಅಳೆಯಿರಿ. ಮುಂದಿನದು ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಕಡಿಮೆ ಇದ್ದರೆ ಸರಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಎರಡೂ ಚುಕ್ಕಾಣಿ ಒಂದನ್ನೊಂದು ತಳ್ಳಿಕೊಂಡು ಓಡುತ್ತಿವೆ ಅಂತ ಅರ್ಥ. ಎರಡೂ ಚುಕ್ಕಾಣಿಗಳನ್ನು ಸೇರಿಸುವ ಅಡ್ಡ ಸಲಾಕೆಯ ತುದಿಯಲ್ಲಿ ಇದನ್ನು ಸರಿ ಮಾಡಬಹುದು.

ಹಲ್‌ನಲ್ಲಿ ನೀರು

ಹಾಬಿ 16 ದೋಣಿ ಎಲ್ಲ ಸೇರಿ ಸುಮಾರು 145 ಕಿಲೋ. ಅದರ ಒಂದು ಹಲ್‌ಗೆ 10 ಲೀಟರ್ ನೀರು ಹೋದರೆ 10 ಕಿಲೋ ಹೆಚ್ಚಾಯಿತು. ಅದಕ್ಕಿಂತ ಕೆಟ್ಟದ್ದು, ನೀರು ಇದ್ದಲ್ಲೇ ಇರುವುದಿಲ್ಲ. ಮೂಗು ಬಗ್ಗಿದರೆ ಅದೂ ಮುಂದೆ ಓಡುತ್ತದೆ, ಬಗ್ಗಿದ ಮೂಗು ಇನ್ನೂ ಬಗ್ಗುತ್ತದೆ.

ಎಡ ಹಲ್‌ನಲ್ಲಿ ನೀರಿದ್ದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಆ ಹಲ್ ಆಳಕ್ಕೆ ಕೂತು ಎಳೆಯುತ್ತದೆ. ಪೋರ್ಟ್ ಟ್ಯಾಕ್‌ನಲ್ಲಿ ಅದೇ ನೀರು ಗಾಳಿ ಬರುವ ಕಡೆಗೆ ಭಾರವಾಗಿ, ದೋಣಿ ಮಗುಚದಂತೆ ತಡೆಯುತ್ತದೆ. ಅಲ್ಲಿ ದೋಣಿ ಗಟ್ಟಿಯಾಗಿ ನಿಂತ ಹಾಗೆ ಅನ್ನಿಸುತ್ತದೆ. ಒಂದು ಕಡೆ ಮಂದ, ಇನ್ನೊಂದು ಕಡೆ ಎಂದಿಗಿಂತ ಗಟ್ಟಿ. ಈ ಜೋಡಿ ಲಕ್ಷಣ ಕಂಡರೆ ದಡಕ್ಕೆ ಬಂದ ಕೂಡಲೇ ಡ್ರೈನ್ ಪ್ಲಗ್ ತೆಗೆಯಿರಿ. ಎರಡೂ ಹಲ್‌ಗಳಿಂದ ಬಂದ ನೀರನ್ನು ಬೇರೆ ಬೇರೆಯಾಗಿ ಅಳೆದು ಬರೆದಿಡಿ. ಒಂದು ಲೋಟದಷ್ಟು ಬಂದರೆ ಚಿಂತೆ ಬೇಡ.

ಹೆಚ್ಚಿನ ಸಲ ಕಾರಣ ಪ್ಲಗ್ಗೇ. ಅದರ ರಬ್ಬರ್ ರಿಂಗ್‌ಗೆ ಮರಳಿನ ಕಾಳು ಅಂಟಿದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ಕೈಯಲ್ಲಿ ಬಿಗಿ ಮಾಡಿ. ಪ್ಲಗ್ ಸರಿಯಿದ್ದರೂ ನೀರು ಬಂದರೆ ಸೋಪಿನ ಪರೀಕ್ಷೆ ಮಾಡಬೇಕು. ಹಲ್‌ಗೆ ಗಾಳಿ ಆಡಲು ಬಿಟ್ಟ ಸಣ್ಣ ತೂತು ಇದ್ದರೆ ಟೇಪ್ ಹಚ್ಚಿ ಮುಚ್ಚಿ. ಕೀಲುಗಳು, ಅಂಚುಗಳು, ಚುಕ್ಕಾಣಿ ಹಿಡಿದ ಸ್ಕ್ರೂಗಳ ಸುತ್ತ ಸೋಪಿನ ನೀರು ಬಳಿಯಿರಿ. ಡ್ರೈನ್ ತೂತಿನಿಂದ ಬಾಯಲ್ಲೇ ಊದಿ. ಗುಳ್ಳೆ ಎದ್ದಲ್ಲಿ ಸೋರುತ್ತಿದೆ. ಬಾಯಲ್ಲೇ ಊದಿ ಅಂತ ಒತ್ತಿ ಹೇಳುತ್ತೇನೆ. ಗಾಳಿ ತುಂಬುವ ಕಂಪ್ರೆಸರ್ ಇಟ್ಟರೆ ಹಲ್‌ನ ಬೆಸುಗೆಯೇ ಬಿಚ್ಚಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಟೇಪ್ ತೆಗೆಯಲು ಮರೆಯಬೇಡಿ.

ಆ ಸಣ್ಣ ತೂತು ಯಾಕಿದೆ ಅಂತ ತಿಳಿದರೆ ಇನ್ನೊಂದು ಒಗಟೂ ಬಿಡಿಸುತ್ತದೆ. ದೋಣಿ ಬೆಳಗಿನಿಂದ ಬಿಸಿಲಲ್ಲಿ ಕಾದಿರುತ್ತದೆ. ಅದನ್ನು ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಏನಾದರೂ ಒಳಕ್ಕೆ ಎಳೆದುಕೊಳ್ಳಲು ನೋಡುತ್ತದೆ. ತೂತು ತೆರೆದಿದ್ದರೆ ಗಾಳಿ ಬರುತ್ತದೆ. ಮುಚ್ಚಿದ್ದರೆ ಎಲ್ಲೋ ಸಂದಿನಿಂದ ನೀರು ಬರುತ್ತದೆ. ಇಟಲಿಯ ಗಾರ್ಡಾದಂಥ ಬೆಟ್ಟದಡಿಯ ಆಳದ ಸರೋವರದಲ್ಲಿ, ದಕ್ಷಿಣದ ಓರಾ ಗಾಳಿಗಾಗಿ ಮಧ್ಯಾಹ್ನದವರೆಗೆ ದಡದಲ್ಲಿ ಕಾಯುವಾಗ, ಇದು ತಲೆಯಲ್ಲಿರಲಿ. ನೀರಿಗಿಳಿಸುವ ಮುಂಚೆ ಆ ತೂತು ತೆರೆದಿದೆಯೇ ಅಂತ ಒಮ್ಮೆ ನೋಡಿ.

ಮೇಲಿನ ಭಾಗ

ಮಾಸ್ಟ್ ನೇರ ಇದೆಯೇ ಅಂತ ನೋಡಲು ದೊಡ್ಡ ಹಾಯಿ ಏರಿಸುವ ಹಗ್ಗವೇ ಸಾಕು. ದೋಣಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಹಗ್ಗದ ತುದಿಯನ್ನು ಬಲ ಹಲ್‌ನ ಒಂದು ಗುರುತಿನ ಜಾಗಕ್ಕೆ ಬಿಗಿಯಾಗಿ ತಾಗಿಸಿ, ಅದೇ ಉದ್ದ ಹಿಡಿದು ಎಡ ಹಲ್‌ನ ಅದೇ ಜಾಗಕ್ಕೆ ತನ್ನಿ. ಸಡಿಲವಾದರೆ ಅಥವಾ ಮುಟ್ಟದಿದ್ದರೆ ಮಾಸ್ಟ್ ವಾಲಿದೆ. ಟ್ರಪೀಜ್ ತಂತಿಯಿಂದ ಅಳೆಯಬೇಡಿ, ಆ ತಂತಿಗಳ ಉದ್ದವೇ ಬೇರೆ ಬೇರೆ ಇರಬಹುದು. ಶ್ರೌಡ್‌ನಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಮಾಸ್ಟಿನ ತುದಿಯಲ್ಲಿ ಹಲವು ಸೆಂಟಿಮೀಟರ್ ಆಗುತ್ತದೆ. ಶ್ರೌಡ್ ಕೆಳತುದಿಯ ಪಿನ್ ಎರಡೂ ಕಡೆ ಒಂದೇ ನಂಬರಿನ ತೂತಿನಲ್ಲಿದೆಯೇ ಅಂತ ಎಣಿಸಿ. ಬಾಡಿಗೆ ದೋಣಿಗಳಲ್ಲಿ ಹಿಂದಿನವರು ಗಡಿಬಿಡಿಯಲ್ಲಿ ಹಾಕಿ ಹೋಗಿರುತ್ತಾರೆ.

ಹಾಗೇ ಜಿಬ್ ಹಾಯಿಯ, ಅಂದರೆ ಮುಂದಿನ ಸಣ್ಣ ಹಾಯಿಯ, ಹಗ್ಗ ಹಾದುಹೋಗುವ ಪುಲ್ಲಿ ಎರಡೂ ಕಡೆ ಒಂದೇ ಗುರುತಿನಲ್ಲಿದೆಯೇ ನೋಡಿ. ಇದಕ್ಕೆ ಒಂದು ನಿಮಿಷ ಸಾಕು.

ತಂತಿಗಳನ್ನು ನೋಡುವಾಗ ಒಂದು ಬಟ್ಟೆ ಹಿಡಿದು ಉದ್ದಕ್ಕೂ ಸವರಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಒಳಗಿನ ಎಳೆ ಮುರಿದಿದೆ. ಒಂದೇ ಎಳೆ ಅಂತ ಬಿಡಬೇಡಿ. ಆ ತಂತಿ ಬದಲಾಗುವವರೆಗೆ ದೋಣಿ ನೀರಿಗಿಳಿಯಬಾರದು. ಮಾಸ್ಟ್ ಬಿದ್ದರೆ ಕೆಳಗಿರುವುದು ಇಬ್ಬರ ತಲೆ.

ಎರಡೂ ಟ್ಯಾಕ್‌ನಲ್ಲಿ ನಿಧಾನವಾದರೆ

ಆಗ ಒಡೆದ ಭಾಗ ಹುಡುಕುವುದನ್ನು ಬಿಟ್ಟು ಹೊಂದಿಕೆ ನೋಡಿ. ಹೆಚ್ಚಿನ ಸಲ ನಾವೇ ಕಾರಣ ಆಗಿರುತ್ತೇವೆ. ಒಂದೇ ಹಲ್‌ನ ದೋಣಿಯಿಂದ ಬಂದವರು ಗಾಳಿಗೆ ತೀರಾ ಹತ್ತಿರ ಮೂಗು ಹಿಡಿಯುತ್ತಾರೆ. ಹಾಬಿ 16ಕ್ಕೆ ಡ್ಯಾಗರ್‌ಬೋರ್ಡ್ ಇಲ್ಲ. ಪಕ್ಕಕ್ಕೆ ಜಾರದಂತೆ ತಡೆಯುವುದು ಅದರ ಹಲ್‌ನ ಆಕಾರ. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಆ ಆಕಾರ ಕೆಲಸ ಮಾಡಲು ವೇಗ ಬೇಕು. ಮೂಗನ್ನು ಗಾಳಿಯಿಂದ ಸ್ವಲ್ಪ ದೂರ ತಿರುಗಿಸಿ, ವೇಗ ಹಿಡಿದು, ಆಮೇಲೆ ನಿಧಾನವಾಗಿ ಗಾಳಿಯ ಕಡೆಗೆ ಬನ್ನಿ.

ಎರಡನೇ ಕಾರಣ ಮೇನ್‌ಶೀಟ್, ಅಂದರೆ ದೊಡ್ಡ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ. ಮೆಲುಗಾಳಿಯಲ್ಲಿ ಅದನ್ನು ಅತಿಯಾಗಿ ಎಳೆದರೆ ಹಾಯಿ ಉಸಿರುಗಟ್ಟುತ್ತದೆ. ಗಾಳಿಯ ಹರಿವು ತೋರಿಸಲು ಹಾಯಿಯ ಹಿಂದಂಚಿಗೆ ಕಟ್ಟಿದ ದಾರಗಳು ಹಿಂದಕ್ಕೆ ಹಾರದೆ ಮರೆಗೆ ಮಡಚಿಕೊಂಡರೆ ಎಳೆದದ್ದು ಜಾಸ್ತಿಯಾಗಿದೆ. ಮೂರನೆಯದು ಕೂರುವ ಜಾಗ. ಹಲ್‌ನ ಹಿಂಬದಿ ನೀರಲ್ಲಿ ಗುಳುಗುಳು ಅಂದರೆ ಇಬ್ಬರೂ ಮುಂದೆ ಸರಿಯಿರಿ.

ತೂಕವೂ ಲೆಕ್ಕಕ್ಕೆ ಬರುತ್ತದೆ. ಹಾಬಿ 16 ಕ್ಲಾಸಿನಲ್ಲಿ ಇಬ್ಬರ ಕನಿಷ್ಠ ತೂಕ 129 ಕಿಲೋ. ನೀವಿಬ್ಬರೂ ಸೇರಿ 160 ಕಿಲೋ ಇದ್ದರೆ ಮೆಲುಗಾಳಿಯ ದಿನ ಹಿಂದೆ ಬೀಳುವುದು ದೋಷ ಅಲ್ಲ. ಅಂಥ ದಿನ ದೋಣಿ ಬಿಚ್ಚಿ ಹಾಳು ಮಾಡಿಕೊಳ್ಳಬೇಡಿ.

ತಿರುಗದ ದೋಣಿ, ಮೂಗು ಮುಳುಗಿಸುವ ದೋಣಿ

ಟ್ಯಾಕ್ ಮಾಡುವಾಗ, ಅಂದರೆ ಮೂಗನ್ನು ಗಾಳಿಗೆ ಅಡ್ಡ ದಾಟಿಸಿ ಇನ್ನೊಂದು ಟ್ಯಾಕ್‌ಗೆ ತಿರುಗುವಾಗ, ಗಾಳಿಗೆ ಎದುರಾಗಿ ಸಿಕ್ಕಿಬೀಳುವುದು ಹಾಬಿ 16ರ ಹಳೇ ಚಾಳಿ. ಎರಡೂ ಕಡೆ ಹಾಗಾದರೆ ನಡೆಸುವ ರೀತಿ ಬದಲಾಗಬೇಕು. ಪೂರ್ತಿ ವೇಗದಲ್ಲಿ ಶುರು ಮಾಡಿ, ಟಿಲ್ಲರ್ ಮೆಲ್ಲಗೆ ತಳ್ಳಿ, ಒಮ್ಮೆಲೇ ತಳ್ಳಿದರೆ ಚುಕ್ಕಾಣಿ ಬ್ರೇಕ್ ಆಗುತ್ತದೆ. ಮೂಗು ಗಾಳಿಯನ್ನು ದಾಟುವಾಗ ಮೇನ್‌ಶೀಟ್ ಸಡಿಲ ಬಿಡಿ. ಜಿಬ್ ಹಾಯಿಗೆ ಹಿಂದಿನಿಂದ ಗಾಳಿ ತುಂಬಿ ಮೂಗನ್ನು ಆಚೆ ತಳ್ಳುವವರೆಗೆ ಅದನ್ನು ಬಿಡಬೇಡಿ. ಸಿಕ್ಕಿಕೊಂಡೇ ಬಿಟ್ಟರೆ ದೋಣಿ ಹಿಂದಕ್ಕೆ ಚಲಿಸುತ್ತಿರುತ್ತದೆ, ಆಗ ಟಿಲ್ಲರ್ ತಿರುಗಿಸುವ ದಿಕ್ಕು ತಿರುವುಮುರುವು. ಒಂದೇ ಕಡೆ ತಿರುಗದಿದ್ದರೆ ಜಿಬ್ ಹಗ್ಗ ಎಲ್ಲೋ ಸಿಕ್ಕಿಕೊಳ್ಳುತ್ತಿರಬಹುದು, ಅದನ್ನು ನೋಡಿ.

ಗಾಳಿಯ ಜೊತೆ ಓಡುವಾಗ ಮೂಗು ಮುಳುಗುವುದಕ್ಕೆ ಇಬ್ಬರೂ ಹಿಂದೆ ಸರಿಯುವುದು ಮೊದಲ ಮದ್ದು. ಜಿಬ್ ಅನ್ನು ಬಿಗಿ ಹಿಡಿದಿದ್ದರೆ ಅದು ಮೂಗನ್ನು ಒತ್ತುತ್ತದೆ, ಸಡಿಲ ಬಿಡಿ. ಯಾವಾಗಲೂ ಒಂದೇ ಹಲ್‌ನ ಮೂಗು ಮೊದಲು ಹೋಗುತ್ತಿದ್ದರೆ, ಹಿಂದೆ ಹೇಳಿದ ನೀರಿನ ಪರೀಕ್ಷೆ ಮಾಡಿ.

ದೋಣಿ ಮುಟ್ಟುವ ಮುಂಚೆ

ಬಾಡಿಗೆ ದೋಣಿ ಆಗಲಿ, ಕೊಟ್ಟ ದೋಣಿ ಆಗಲಿ, ಏನು ಬದಲಾಯಿಸಬಹುದು ಅಂತ ಆ ರೆಗಾಟಾದ ಸೇಲಿಂಗ್ ಇನ್‌ಸ್ಟ್ರಕ್ಷನ್ಸ್ ಹಾಳೆಯಲ್ಲಿ ಇರುತ್ತದೆ. ಕೊಟ್ಟ ದೋಣಿಯಲ್ಲಿ ಶ್ರೌಡ್ ತೂತು ಬದಲಿಸುವುದಕ್ಕೂ ಅನುಮತಿ ಇಲ್ಲದಿರಬಹುದು. ಈಗ ನಡೆಯುತ್ತಿರುವುದು 2025ರಿಂದ 2028ರವರೆಗಿನ ರೇಸಿಂಗ್ ನಿಯಮಗಳು. ಹಳೆಯ ಪುಸ್ತಕದ ನಿಯಮ ನಂಬರ್ ನೆನಪಿಟ್ಟುಕೊಂಡು ವಾದ ಮಾಡಲು ಹೋಗಬೇಡಿ, ಕೆಲವು ಜಾಗ ಬದಲಾಗಿವೆ. ದೋಣಿಯ ದೋಷದಿಂದ ನಷ್ಟ ಆಯಿತು ಅಂತ ರಿಡ್ರೆಸ್, ಅಂದರೆ ಫಲಿತಾಂಶದಲ್ಲಿ ಪರಿಹಾರ, ಕೇಳಬೇಕಿದ್ದರೆ ತಪ್ಪು ನಿಮ್ಮದಲ್ಲ ಅಂತ ತೋರಿಸಬೇಕು, ಸಮಯದ ಮಿತಿಯೊಳಗೆ ಕೇಳಬೇಕು. ಹಾಗಾಗಿ ದೋಷ ಕಂಡ ಕೂಡಲೇ ಹೇಳಿ. ರಾತ್ರಿ ಊಟದ ಹೊತ್ತಿಗೆ ಹೇಳಿದರೆ ತಡವಾಗಿರುತ್ತದೆ.

ಇನ್ನೊಂದು ವಿಷಯ. ದೂರದ ದೇಶಕ್ಕೆ ಬಂದಿಳಿದ ಮಾರನೇ ದಿನ ಕಂಡ ದೋಷವನ್ನು ನಾನು ಪೂರ್ತಿ ನಂಬುವುದಿಲ್ಲ. ಮೈ ಇನ್ನೂ ಹಿಂದಿನ ಊರಿನ ರಾತ್ರಿಯಲ್ಲಿರುತ್ತದೆ, ವಿಮಾನದಲ್ಲಿ ನೀರು ಕುಡಿದದ್ದು ಕಡಿಮೆ, ಕಣ್ಣು ಹಾಯಿಯ ದಾರಗಳನ್ನು ಹಿಡಿಯುವುದಿಲ್ಲ. ರೇಸಿಗೆ ಎರಡು ದಿನ ಮುಂಚೆ ತಲುಪಿದರೆ ಒಂದು ದಿನ ನಿದ್ದೆಗೆ, ಒಂದು ದಿನ ದೋಣಿಗೆ ಸಿಗುತ್ತದೆ. ಆ ಒಂದು ದಿನದಲ್ಲಿ ಮೇಲೆ ಹೇಳಿದ ದಡದ ಪರೀಕ್ಷೆಗಳೆಲ್ಲ ಎರಡು ಗಂಟೆಯಲ್ಲಿ ಮುಗಿಯುತ್ತವೆ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ. ಬದಲಾಯಿಸುವ ಮುಂಚೆ ಇದ್ದ ಸ್ಥಿತಿಯ ಫೋಟೋ ತೆಗೆಯಿರಿ. ಪಿನ್ ಯಾವ ತೂತಿನಲ್ಲಿತ್ತು, ಎಷ್ಟು ಗಾಳಿ ಇತ್ತು, ಯಾವ ಟ್ಯಾಕ್, ಎಷ್ಟು ಲೀಟರ್ ನೀರು, ಎಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆಯಿರಿ. ದೋಣಿ ವಾಪಸ್ ಕೊಡುವಾಗ ಆ ಪುಟವನ್ನು ಹರಿದು ದೋಣಿ ನೋಡಿಕೊಳ್ಳುವವರ ಕೈಗೆ ಕೊಡಿ. ನಾವು ಹಾಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರು ಸಾಲು: ಎಡ ಚುಕ್ಕಾಣಿಯ ಸ್ಪ್ರಿಂಗ್ ಹೊಸದು, ಬಲ ಚುಕ್ಕಾಣಿಯದು ಇನ್ನೂ ಹಳೆಯದೇ, ಮುಂದಿನವರಿಗೆ ಕೊಡುವ ಮುಂಚೆ ಅದನ್ನೂ ಬದಲಾಯಿಸಿ.